ಜೋಡಿ ಟಿಕೆಟ್ ತೆಗೆಸುವ ಮುನ್ನ ಮಿಕ್ಸರ್ ಎಲ್ಲಿದೆ ನೋಡಿ

ಗಂಡ ಹೆಂಡತಿ ಪಾಪ್ ಕಾನ್ಸರ್ಟ್‌ಗೆ ಹೊರಟರೆ ಮೊದಲ ಜಟಾಪಟಿ ಟಿಕೆಟ್ ಬುಕ್ ಮಾಡುವಾಗಲೇ. ಒಬ್ಬರಿಗೆ ವೇದಿಕೆಯ ಬುಡದ ಫ್ಯಾನ್‌ಪಿಟ್ಟೇ ಆಗಬೇಕು, ಇನ್ನೊಬ್ಬರಿಗೆ ಕೂರಲು ಕುರ್ಚಿ ಸಿಕ್ಕರೆ ಸಾಕು. ಕಿವಿ ಪರೀಕ್ಷಿಸುವ ನಮ್ಮಂಥವರನ್ನು ಕೇಳಿದರೆ ಎರಡನ್ನೂ ಬಿಡಿ ಅನ್ನುತ್ತೇವೆ. ಮೈದಾನದ ನಡುವೆ ಟೆಂಟ್ ಹಾಕಿ ಸೌಂಡ್ ಎಂಜಿನಿಯರ್ ಮಿಕ್ಸರ್, ಅಂದರೆ ಎಲ್ಲ ಮೈಕ್, ವಾದ್ಯಗಳ ದನಿಯನ್ನು ಬೆರೆಸುವ ಯಂತ್ರ, ಇಟ್ಟುಕೊಂಡಿರುತ್ತಾರಲ್ಲ, ಅದರ ಆಸುಪಾಸಿಗೆ ಟಿಕೆಟ್ ತೆಗೆಸಿ. ಅವರು ಹಾಡನ್ನು ಹದಗೊಳಿಸುವುದು ಆ ಜಾಗದಲ್ಲಿ ತಮ್ಮ ಕಿವಿಗೆ ಬಿದ್ದದ್ದನ್ನೇ ನಂಬಿಕೊಂಡು.

ಫ್ಯಾನ್‌ಪಿಟ್‌ನಲ್ಲಿ ಗಾಯಕರ ಮುಖ ಚೆನ್ನಾಗಿ ಕಾಣುತ್ತದೆ, ಸಾಹಿತ್ಯ ಮಾತ್ರ ಅಷ್ಟು ಸ್ಪಷ್ಟವಾಗಿ ಕೇಳುವುದಿಲ್ಲ. ವೇದಿಕೆಯ ಎರಡೂ ಬದಿಗೆ ಮಾಲೆಯಂತೆ ತೂಗುವ ದೊಡ್ಡ ಸ್ಪೀಕರ್‌ಗಳ ದನಿ ಮುಂದಿನ ಸಾಲುಗಳ ತಲೆಯ ಮೇಲೆ ಹಾದು ಹಿಂದಿನವರಿಗೆ ತಲುಪುತ್ತದೆ. ಮುಂದಿನವರಿಗೆ ವೇದಿಕೆಯ ಅಂಚಿನ ಪುಟ್ಟ ಬಾಕ್ಸ್‌ಗಳೇ ಗತಿ. ಸಾಲದ್ದಕ್ಕೆ ಬೇಸ್ ಹೊಡೆಯುವ ಸಬ್‌ವೂಫರ್‌ಗಳನ್ನು ಸಾಮಾನ್ಯವಾಗಿ ನೆಲದ ಮಟ್ಟದಲ್ಲೇ ಇಟ್ಟಿರುತ್ತಾರೆ, ಅವುಗಳ ಗುದ್ದು ನೇರ ಎದೆಗೇ. ಎಡ ಬಲದ ಸಬ್‌ಗಳ ಅಲೆಗಳು ಮೈದಾನದ ನಟ್ಟನಡುವೆ ಒಂದಕ್ಕೊಂದು ಕೂಡಿ ಬೇಸ್ ಉಬ್ಬುತ್ತದೆ, ಬದಿಗೆ ಸರಿದರೆ ಕೆಲವೆಡೆ ಒಂದನ್ನೊಂದು ತಿಂದುಹಾಕುತ್ತವೆ. ಬೇಸ್ ಸಹಿಸದವರು ಜೊತೆಗಿದ್ದರೆ ನಾಲ್ಕು ಹೆಜ್ಜೆ ಪಕ್ಕಕ್ಕೆ ಸರಿದು ನೋಡಿ, ವ್ಯತ್ಯಾಸ ಗೊತ್ತಾಗುತ್ತದೆ. ತೀರಾ ಹಿಂದೆ ಹೋದರೂ ತೊಂದರೆಯೇ. ಶಬ್ದ ಸೆಕೆಂಡಿಗೆ ಸುಮಾರು 343 ಮೀಟರ್ ಓಡುವುದರಿಂದ 100 ಮೀಟರ್ ದೂರಕ್ಕೆ ಬರುವಷ್ಟರಲ್ಲಿ ದೊಡ್ಡ ಪರದೆಯ ಮೇಲೆ ಕಾಣುವ ಗಾಯಕರ ತುಟಿ ಹಾಡಿಗಿಂತ ಮುಂದಕ್ಕೆ ಹೋಗಿರುತ್ತದೆ. ಹಿಂದಿನವರಿಗೆಂದು ನಡುವೆ ನಿಲ್ಲಿಸುವ ಸ್ಪೀಕರ್ ಗೋಪುರದ ಎದುರೇ ನಿಂತರೆ, ವೇದಿಕೆ ದೂರವಿದ್ದರೂ ಕಿವಿಗೆ ಫ್ಯಾನ್‌ಪಿಟ್‌ನಷ್ಟೇ ಪೆಟ್ಟು.

ಪೆಟ್ಟಿನ ಲೆಕ್ಕ ಹೀಗಿದೆ. 85 ಡೆಸಿಬೆಲ್ ಸದ್ದಿನಲ್ಲಿ ದಿನಕ್ಕೆ 8 ಗಂಟೆ ಇರಬಹುದು. ಅಲ್ಲಿಂದ ಮೇಲಕ್ಕೆ ಪ್ರತಿ 3 ಡೆಸಿಬೆಲ್‌ಗೆ ಅವಧಿ ಅರ್ಧವಾಗುತ್ತ ಹೋಗಿ, 100 ಡೆಸಿಬೆಲ್‌ನಲ್ಲಿ ಬರೀ 15 ನಿಮಿಷ ಉಳಿಯುತ್ತದೆ. ಸಂಗೀತ ಸಭೆಗಳ ಸದ್ದಿಗೆ ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಸೂಚಿಸಿದ ಮೇಲ್ಮಿತಿಯೂ 15 ನಿಮಿಷದ ಸರಾಸರಿ 100 ಡೆಸಿಬೆಲ್ಲೇ. ಅಂದರೆ ಆ ಮಿತಿ ಮೀರದೆ 100 ಡೆಸಿಬೆಲ್‌ನಲ್ಲೇ ನಡೆದ ಎರಡೂವರೆ ಗಂಟೆಯ ಕಾರ್ಯಕ್ರಮದಲ್ಲೂ ಬರಿಗಿವಿಗೆ ಬೀಳುವುದು ದಿನದ ಪಾಲಿನ ಹತ್ತು ಪಟ್ಟು. 15 ಡೆಸಿಬೆಲ್ ತಗ್ಗಿಸುವ ಇಯರ್‌ಪ್ಲಗ್ ಹಾಕಿದರೆ ಅದೇ ಸದ್ದು 85ಕ್ಕೆ ಇಳಿಯುತ್ತದೆ. ಹತ್ತಿ ತುರುಕಿಕೊಂಡರೆ ಅಂಥ ಉಪಯೋಗವಿಲ್ಲ.

ಮೆಡಿಕಲ್ ಶಾಪ್‌ನ ಫೋಮ್ ಪ್ಲಗ್ ಸಾಕು, ಹಾಕುವ ಕ್ರಮ ಗೊತ್ತಿರಬೇಕು. ಒಣ ಕೈಯಲ್ಲಿ ಬೆರಳಿನ ನಡುವೆ ಹೊಸೆದು ಸುಕ್ಕಿಲ್ಲದ ಸಣ್ಣ ಬತ್ತಿ ಮಾಡಿ. ಇನ್ನೊಂದು ಕೈಯನ್ನು ತಲೆಯ ಹಿಂದಿನಿಂದ ತಂದು ಕಿವಿಯ ಹಾಲೆಯನ್ನು ಮೇಲಕ್ಕೂ ಹಿಂದಕ್ಕೂ ಎಳೆದು, ಬತ್ತಿಯನ್ನು ಒಳಗೆ ತಳ್ಳಿ, ಅದು ಉಬ್ಬುವ ತನಕ 30 ಸೆಕೆಂಡ್ ಬೆರಳು ಒತ್ತಿ ಹಿಡಿಯಿರಿ. ಹೆಚ್ಚಿನವರು ಈ ಕೊನೆಯ ಹಂತ ಬಿಡುತ್ತಾರೆ, ಪ್ಲಗ್ ಉಬ್ಬುತ್ತ ಹೊರಗೆ ಜಾರುತ್ತದೆ. ಇಲ್ಲಿ ಜೋಡಿಯಾಗಿ ಬಂದದ್ದು ಪ್ರಯೋಜನಕ್ಕೆ ಬರುತ್ತದೆ: ಎದುರು ನಿಂತು ಒಬ್ಬರ ಕಿವಿ ಒಬ್ಬರು ನೋಡಿ, ಮುಂದಿನಿಂದ ಪ್ಲಗ್‌ನ ತುದಿ ಎದ್ದು ಕಂಡರೆ ತೆಗೆದು ಮತ್ತೆ ಹಾಕಿ. ಹೆಂಗಸರ ಕಿವಿಯ ಕೊಳವೆ ಸಾಮಾನ್ಯವಾಗಿ ಕಿರಿದು. ಒಂದೇ ಅಳತೆಯ ಪ್ಯಾಕೆಟ್ ಇಬ್ಬರಿಗೂ ತಂದರೆ ಅವರಿಗೆ ನೋವಾಗಿ ಎರಡನೇ ಹಾಡಿಗೇ ಕಿತ್ತಿಡುತ್ತಾರೆ, ಸಣ್ಣ ಅಳತೆಯದನ್ನೂ ಒಂದು ಕೊಳ್ಳಿ. ಫೋಮ್ ಹಾಕಿದರೆ ಮೇಲಿನ ಸ್ವರಗಳು ಹೆಚ್ಚು ಕುಗ್ಗಿ ಹಾಡು ಕಂಬಳಿ ಹೊದ್ದಂತೆ ಕೇಳುತ್ತದೆ. ಅದು ಸರಿಬೀಳದವರಿಗೆ ಎಲ್ಲ ಸ್ವರಗಳನ್ನೂ ಹೆಚ್ಚುಕಡಿಮೆ ಸಮನಾಗಿ ತಗ್ಗಿಸುವ ಸಂಗೀತಗಾರರ ಪ್ಲಗ್ ಇದೆ, ಬೆಲೆ ಜಾಸ್ತಿ.

ಇಬ್ಬರು ಹೋದಾಗ ನಡುನಡುವೆ ಮಾತು ಬೇಡವೆಂದರೆ ಆಗದ ಮಾತು. ಆದರೆ ಮಾತಿಗೊಮ್ಮೆ ಪ್ಲಗ್ ತೆಗೆಯಬೇಡಿ. ಹೀಗೆ ತೆಗೆದ ಹೊತ್ತು ಒಟ್ಟು 15 ನಿಮಿಷವಾದರೆ ದಿನದ ಪಾಲು ಅಲ್ಲಿಗೇ ಮುಗಿಯಿತು. ಕೂಗುವುದೂ ಬೇಡ, ಕಿವಿಯ ಹತ್ತಿರ ಬಂದು ಮಾಮೂಲಿ ದನಿಯಲ್ಲಿ ನಿಧಾನವಾಗಿ ಹೇಳಿ.

ಹೆಂಡತಿ ಬಸುರಿಯಾಗಿದ್ದರೆ ಲೆಕ್ಕವೇ ಬೇರೆ. ಐದನೇ ತಿಂಗಳ ಹೊತ್ತಿಗೆ ಮಗುವಿನ ಒಳಕಿವಿ ಕೆಲಸ ಶುರುಮಾಡಿರುತ್ತದೆ. ಹೊಟ್ಟೆಯ ಗೋಡೆ ತಡೆಯುವುದು ಕೀರಲು ಸದ್ದನ್ನು, ಬೇಸ್ ಬಹುಪಾಲು ಒಳಗೆ ಹೋಗುತ್ತದೆ. ತಾಯಿಯ ಇಯರ್‌ಪ್ಲಗ್‌ನಿಂದ ಮಗುವಿಗೆ ಏನೂ ಪ್ರಯೋಜನವಿಲ್ಲ. ಮುಂದಿನ ಸಾಲು, ಸಬ್‌ವೂಫರ್ ಪಕ್ಕ ಬೇಡವೇ ಬೇಡ. ನಮ್ಮನ್ನು ಕೇಳಿದರೆ ಆ ಟಿಕೆಟ್ಟನ್ನು ನಾದಿನಿಗೋ ತಂಗಿಗೋ ಕೊಟ್ಟುಬಿಡಿ.

ಬೆಂಗಳೂರಿನ ಬಯಲು ಕಾರ್ಯಕ್ರಮಗಳಿಗೆ ಇನ್ನೆರಡು ಮಾತು. ಶಬ್ದಮಾಲಿನ್ಯ ನಿಯಮದಂತೆ ರಾತ್ರಿ 10ರ ನಂತರ ಬಯಲಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ, ವಿಶೇಷ ಅನುಮತಿ ಇರಬೇಕು. ಹೀಗಾಗಿ ಶೋ ಬೇಗ ಶುರುವಾಗುತ್ತದೆ, ಆಫೀಸು ಮುಗಿಸಿಕೊಂಡು ಬೇರೆಬೇರೆಯಾಗಿ ಬಂದರೆ ಅರ್ಧ ತಪ್ಪುತ್ತದೆ. ಎಡ್ ಶೀರನ್ 2025ರ ಫೆಬ್ರುವರಿ 8 ಮತ್ತು 9ರಂದು ಹಾಡಿದ ಮಾದಾವರದ ನೈಸ್ ಮೈದಾನದಂಥ ಕಡೆ ಎಲ್ಲರೂ ಒಟ್ಟಿಗೇ ಹೊರಬೀಳುತ್ತಾರೆ. ಮಾದಾವರಕ್ಕೆ 2024ರ ನವೆಂಬರ್‌ನಿಂದ ಮೆಟ್ರೋ ಇದೆ, ಕೊನೆಯ ರೈಲಿನ ಹೊತ್ತನ್ನು ಅಂದೇ ನೋಡಿಕೊಳ್ಳಿ. ಅಷ್ಟು ಜನ ಸೇರಿದಾಗ ಮೊಬೈಲ್ ನೆಟ್‌ವರ್ಕ್ ಕೈಕೊಡುವುದು ಮಾಮೂಲು. ಶೌಚಾಲಯಕ್ಕೆಂದು ಒಬ್ಬರು ಹೋಗುವ ಮೊದಲೇ ನಂಬರ್ ಬರೆದ ಕಂಬವನ್ನೋ ಗೇಟನ್ನೋ ಗುರುತು ಮಾಡಿಟ್ಟುಕೊಳ್ಳಿ.

ಮನೆಗೆ ಬಂದಮೇಲೆ ಕಿವಿ ಗುಂಯ್ ಅನ್ನುವುದು, ಮಾತು ಮಂಕಾಗಿ ಕೇಳುವುದು ಸಾಮಾನ್ಯವಾಗಿ ಒಂದೆರಡು ದಿನದಲ್ಲಿ ಇಳಿಯುತ್ತದೆ. ಆ ಎರಡು ದಿನ ಇಯರ್‌ಫೋನ್ ಮುಟ್ಟಬೇಡಿ. ಅದಾದರೂ ಉಳಿದರೆ ಶ್ರವಣ ಪರೀಕ್ಷೆ ಮಾಡಿಸಿ. ಮೈಸೂರು ಕಡೆಯವರಿಗೆ ಮಾನಸಗಂಗೋತ್ರಿಯ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಒಂದೇ ಕಿವಿ ದಿಢೀರನೆ ಕೇಳದಾದರೆ ಮಾತ್ರ ಎಣ್ಣೆ ಬಿಟ್ಟುಕೊಂಡು ಕಾಯಬೇಡಿ. ಅಂದೇ ಇಎನ್‌ಟಿ ವೈದ್ಯರಲ್ಲಿಗೆ ಹೋಗಿ, ಸ್ಟೀರಾಯ್ಡ್ ಚಿಕಿತ್ಸೆ ಬೇಗ ಶುರುವಾದಷ್ಟೂ ಕಿವಿ ಮರಳುವ ಸಾಧ್ಯತೆ ಹೆಚ್ಚು.