ಟೈಲರ್ ಬೇಕಂತೆ, ಸಂಬಳ ಮಾತ್ರ ಅಷ್ಟೇ

ಪೀಣ್ಯ, ಬೊಮ್ಮನಹಳ್ಳಿ, ಮೈಸೂರು ರಸ್ತೆ, ಎಲ್ಲಿ ನೋಡಿದರೂ ಗಾರ್ಮೆಂಟ್ಸ್ ಗೇಟಿಗೆ ‘ಟೈಲರ್‌ಗಳು, ಹೆಲ್ಪರ್‌ಗಳು ಬೇಕಾಗಿದ್ದಾರೆ’ ಎಂಬ ಬ್ಯಾನರ್ ಕಟ್ಟಿರುತ್ತದೆ. ಬಿಸಿಲಿಗೆ ಬಣ್ಣ ಹೋದರೂ ಬಿಚ್ಚುವುದಿಲ್ಲ. ಜನ ಇಷ್ಟು ಬೇಕಾಗಿದ್ದರೆ ಸಂಬಳ ಏರಬೇಕಿತ್ತಲ್ಲ ಎಂದು ಕಾರ್ಮಿಕ ಕಾನೂನಿನ ವಕೀಲೆಯಾದ ನನ್ನನ್ನು ಹಲವರು ಕೇಳುತ್ತಾರೆ.

ಲೆಕ್ಕ ಹಾಕಿ ನೋಡಿ. 800 ಜನರ ಯೂನಿಟ್‌ಗೆ ಇನ್ನೂ 20 ಟೈಲರ್ ಬೇಕು ಅನ್ನಿ. ತಿಂಗಳಿಗೆ 500 ರೂಪಾಯಿ ಜಾಸ್ತಿ ಎಂದರೆ ಬರುತ್ತಾರೆ. ಅವರಿಗಷ್ಟೇ ಆದರೆ ಹೆಚ್ಚುವರಿ ಖರ್ಚು ಬರೀ 10,000. ಆದರೆ ಹೊಸಬಳಿಗೆ ಜಾಸ್ತಿ ಕೊಟ್ಟ ಸುದ್ದಿ ಊಟದ ಬೆಲ್ ಹೊಡೆಯುವುದರೊಳಗೆ ಎಲ್ಲ ಬ್ಯಾಚಿಗೂ ಮುಟ್ಟುತ್ತದೆ. ಹಳೆಯ 800 ಮಂದಿಗೂ ಕೊಡಬೇಕೆಂದರೆ ತಿಂಗಳಿಗೆ 4 ಲಕ್ಷ, ಅದರ ಮೇಲೆ ಕಂಪನಿ ಪಾಲಿನ ಪಿಎಫ್, ಇಎಸ್‌ಐ. 20 ಮಿಷನ್ ಖಾಲಿ ಬಿಟ್ಟು, ಇರುವವರ ಟಾರ್ಗೆಟ್ ಏರಿಸುವುದೇ ಅಗ್ಗ. ದೊಡ್ಡ ಮಾಲೀಕನ ಈ ಲೆಕ್ಕಾಚಾರವನ್ನು ಅರ್ಥಶಾಸ್ತ್ರಜ್ಞೆ ಜೋನ್ ರಾಬಿನ್ಸನ್ 1933ರಲ್ಲೇ ಬಿಡಿಸಿಟ್ಟಿದ್ದರು. ಪಕ್ಕದ ಫ್ಯಾಕ್ಟರಿಯವರದೂ ಇದೇ ಲೆಕ್ಕವಾದ್ದರಿಂದ ಸರ್ಕಾರದ ಕನಿಷ್ಠ ವೇತನವೇ ಇಡೀ ರಸ್ತೆಯ ರೇಟಾಗಿ ನಿಂತುಬಿಡುತ್ತದೆ. ತೀರಾ ಜನ ಸಾಲದಿದ್ದರೆ ಒಡಿಶಾ, ಜಾರ್ಖಂಡ್‌ನ ಹುಡುಗಿಯರನ್ನು ಕರೆಸಿ ಹಾಸ್ಟೆಲ್‌ನಲ್ಲಿಡುತ್ತಾರೆ. ಇಲ್ಲವೇ ಯೂನಿಟ್ಟೇ ಮದ್ದೂರಿನ ಕಡೆ ಹೊರಡುತ್ತದೆ. ಅಲ್ಲಿ ಕನಿಷ್ಠ ವೇತನವೂ ಕಡಿಮೆ.

‘ಆಗದಿದ್ದರೆ ಬಿಟ್ಟು ಹೋಗಲಿ, ಕಟ್ಟಿಹಾಕಿದವರು ಯಾರು?’ ಎನ್ನುವವರಿದ್ದಾರೆ. ಬಿಡುತ್ತಾರೆ ಸ್ವಾಮಿ, ಬಿಡುತ್ತಲೇ ಇರುತ್ತಾರೆ. ಮೊನ್ನೆ ಬಂದಿದ್ದ ಒಬ್ಬ ಅಕ್ಕ, ‘ಮೇಡಂ, ನಂದು ಒಟ್ಟು ಏಳು ವರ್ಷ ಸರ್ವೀಸು’ ಎಂದರು. ಕಾಗದ ನೋಡಿದರೆ ಮೂರು ವರ್ಷವಾದಾಗ ತಂಗಿಯ ಮದುವೆಗೆ ಪಿಎಫ್ ತೆಗೆಯಲು ರಾಜೀನಾಮೆ ಕೊಟ್ಟಿದ್ದಾರೆ. ಕೆಲವು ತಿಂಗಳ ಮೇಲೆ ಅದೇ ಗೇಟಿನೊಳಗೆ, ಅದೇ ಮಿಷನ್ನಿಗೆ, ಹೊಸ ಟೋಕನ್ ನಂಬರಿನಲ್ಲಿ ಸೇರಿ ನಾಲ್ಕು ವರ್ಷ ದುಡಿದಿದ್ದಾರೆ. ಕಾಯಂ ಕೆಲಸದವರಿಗೆ ಗ್ರಾಚ್ಯುಟಿ, ಅಂದರೆ ಕೆಲಸ ಬಿಡುವಾಗ ಕಂಪನಿ ಕೊಡುವ ಇಡುಗಂಟು, ಬರಬೇಕಾದರೆ ಸತತ ಐದು ವರ್ಷ ಆಗಬೇಕು. ವರ್ಷಕ್ಕೆ 15 ದಿನದ ಸಂಬಳ, ತಿಂಗಳನ್ನು 26 ದಿನವೆಂದು ಹಿಡಿದು. ಬೇಸಿಕ್, ಡಿಎ (ತುಟ್ಟಿಭತ್ಯೆ) ಸೇರಿ 13,000 ಎಂದರೆ ವರ್ಷಕ್ಕೆ 7,500. ಏಳು ವರ್ಷಕ್ಕೆ 52,500 ಆಗುತ್ತಿತ್ತು. ಅಕ್ಕನಿಗೆ ಸಿಗುವುದು ಸೊನ್ನೆ. ಹೀಗೆ ಬಿಟ್ಟು ಬಂದವರಿಂದ ಕಂಪನಿಗೆ ಲಾಭವೇ, ಬಿಡುತ್ತೇನೆಂಬ ಮಾತಿಗೆ ಅದೇಕೆ ಹೆದರೀತು?

ಈ ಹೆಂಗಸರಿಗೆ ಧೈರ್ಯ ಇಲ್ಲವೆಂದು ಮಾತ್ರ ಹೇಳಬೇಡಿ. ಮಾಲೀಕರ ಪಾಲಿನ ಪಿಎಫ್ ಹಣವನ್ನು 58 ವರ್ಷ ತುಂಬುವವರೆಗೆ ಮುಟ್ಟುವಂತಿಲ್ಲ ಎಂದು ಕೇಂದ್ರ ನಿಯಮ ತಂದಾಗ, 2016ರ ಏಪ್ರಿಲ್ 18ರಂದು ಸಾವಿರಾರು ಮಂದಿ ಹೊಸೂರು ರಸ್ತೆಗೆ ಇಳಿದರು. ಮುಂದೆ ನಿಂತು ನಡೆಸಿದ ಸಂಘವಿರಲಿಲ್ಲ. ಮಾರನೆಯ ದಿನವೇ ನಿಯಮ ವಾಪಸ್ಸಾಯಿತು. ಆದರೆ 2020ರ ಏಪ್ರಿಲ್‌ನಿಂದ ಬರಬೇಕಿದ್ದ ತುಟ್ಟಿಭತ್ಯೆ, ತಿಂಗಳಿಗೆ 400 ಚಿಲ್ಲರೆ ರೂಪಾಯಿ, ಅನೇಕರ ಕೈಸೇರಲು 2022 ಬರಬೇಕಾಯಿತು. ಅದೂ ಹೊರದೇಶದ ಬ್ರಾಂಡ್‌ಗಳ ಮೇಲೆ ಒತ್ತಡ ಬಿದ್ದ ಮೇಲೆ. ರಸ್ತೆಯಲ್ಲಿ ಎಲ್ಲರೂ ಒಟ್ಟಿಗಿದ್ದರು. ಫ್ಲೋರಿನಲ್ಲಿ ಡಿಎ ಕೇಳಬೇಕಾದವಳು ಸೂಪರ್‌ವೈಸರ್ ಎದುರು ಒಬ್ಬಳೇ.

2025ರ ನವೆಂಬರ್ 21ರಿಂದ ಜಾರಿಗೆ ಬಂದಿರುವ ಕಾರ್ಮಿಕ ಸಂಹಿತೆಗಳ ಪ್ರಕಾರ, ಹಲವು ಸಂಘಗಳಿರುವಲ್ಲಿ ಒಂದೇ ಸಂಘ ಮಾತುಕತೆಗೆ ಕೂರಬೇಕಾದರೆ ಶೇ 51ರಷ್ಟು ಕಾರ್ಮಿಕರ ಬೆಂಬಲ ಅದಕ್ಕಿರಬೇಕು. ಯುಗಾದಿಗೆ ಸದಸ್ಯತ್ವ ಪಡೆದವರಲ್ಲಿ ಎಷ್ಟೋ ಮಂದಿ ದೀಪಾವಳಿಗೆ ಬೇರೆ ಗೇಟಿನಲ್ಲಿರುತ್ತಾರೆ. ಗಾರ್ಮೆಂಟ್ಸ್‌ನಲ್ಲಿ ಇದು ಸುಲಭವಲ್ಲ. ಅದೇ ಸಂಹಿತೆಗಳಲ್ಲಿ ಕೈಗೆಟಕುವ ಎರಡು ಸಂಗತಿಗಳಿವೆ. ನೇಮಕಾತಿ ಪತ್ರ ಈಗ ಕಡ್ಡಾಯ, ಕೇಳಿ ತೆಗೆದುಕೊಳ್ಳಿ. ಇಂತಿಷ್ಟು ಅವಧಿಗೆ ಎಂದು ಬರೆದು ಸೇರಿಸಿಕೊಂಡಿದ್ದರೆ ಗ್ರಾಚ್ಯುಟಿಗೆ ಐದು ವರ್ಷ ಬೇಕಿಲ್ಲ, ಒಂದು ವರ್ಷ ಸಾಕು. ಎಚ್‌ಆರ್‌ನವರು ಖಾಲಿ ಹಾಳೆ ಮುಂದಿಟ್ಟರೆ ಸಹಿ ಹಾಕಬೇಡಿ. ಪಿಎಫ್ ತೆಗೆಯಲು ಕೆಲಸ ಬಿಡುವ ಯೋಚನೆಯಿದ್ದರೆ, ಐದು ವರ್ಷಕ್ಕೆ ಇನ್ನೆಷ್ಟು ತಿಂಗಳು ಬಾಕಿ ಎಂದು ಎಣಿಸಿ ಆಮೇಲೆ ರಾಜೀನಾಮೆ ಬರೆಯಿರಿ.