ಸ್ಕ್ರಿಪ್ಟ್ ಇಲ್ಲದೆ ತೆಗೆದ ಸಿನಿಮಾನಾ? ಅಲ್ಲ ಕಣ್ರಪ್ಪಾ

ಪ್ರಶ್ನೆ: ಸಾರ್, ‘ದಿ ಪಾರ್ಟಿ’ ಸಿನಿಮಾನ ಸ್ಕ್ರಿಪ್ಟೇ ಇಲ್ಲದೆ ತೆಗೆದರಂತೆ. ಹಾಗಾದ್ರೆ ನಮ್ಮ ಕಾಲೇಜ್ ಡೇ ಸ್ಕಿಟ್ ಬರೆಯೋದು ಯಾಕೆ? ಸ್ಟೇಜ್ ಮೇಲೆ ಬಂದಂಗೆ ಮಾಡಿದ್ರೆ ಆಗಲ್ವಾ?

ಕಾಲೇಜ್ ಡೇ ಹತ್ತಿರ ಬಂತು ಅಂದರೆ ಈ ಪ್ರಶ್ನೆಯೂ ಬಂತು ಅಂತಲೇ ಲೆಕ್ಕ. ತುಮಕೂರಿನಲ್ಲಿ ಹುಡುಗರಿಗೆ ನಾಟಕ ಹೇಳಿಕೊಡುತ್ತ, ಇದಕ್ಕೆ ಉತ್ತರ ಹೇಳಿ ಹೇಳಿ ಬಾಯಿ ನೋಯುತ್ತಿದೆ. ಈ ಸಲ ಬರೆದೇ ಬಿಡುತ್ತೇನೆ. ಮುಂದೆ ಕೇಳಿದವರಿಗೆ ಇದನ್ನೇ ಕಳಿಸುವುದು.

ಹಾಲಿವುಡ್ ಪಾರ್ಟಿಗೆ ಬಂದವನೊಬ್ಬ ಎಡವಟ್ಟಿನ ಮೇಲೆ ಎಡವಟ್ಟು ಮಾಡುವ ಹಾಸ್ಯ ಸಿನಿಮಾ ಅದು. ಸ್ಕ್ರಿಪ್ಟ್ ಇತ್ತು. ಸುಮಾರು 60 ಪುಟ. ಹಾಲಿವುಡ್‌ನಲ್ಲಿ ಪುಟಕ್ಕೊಂದು ನಿಮಿಷ ಅನ್ನುವ ಲೆಕ್ಕವಿದೆ, ಹಾಗಾಗಿ ಒಂದೂವರೆ ಗಂಟೆ ದಾಟುವ ಸಿನಿಮಾಕ್ಕೆ ಇದು ಕಡಿಮೆಯೇ. ಆ ‘ಕಡಿಮೆ’ ಬಾಯಿಂದ ಬಾಯಿಗೆ ಹೋಗಿ ‘ಇರಲೇ ಇಲ್ಲ’ ಆಗಿದೆ, ಅಷ್ಟೇ.

ಉಳಿದದ್ದನ್ನು ಸೆಟ್‌ನಲ್ಲಿ ಕಟ್ಟಿದರು, ನಿಜ. ಆದರೆ ಹೇಗೆ ಕಟ್ಟಿದರು ಕೇಳಿ. ಸಾಮಾನ್ಯವಾಗಿ ಸಿನಿಮಾದವರು ಕೊನೆಯ ದೃಶ್ಯವನ್ನು ಮೊದಲು ತೆಗೆದರೂ ತೆಗೆದರೇ. ಇಲ್ಲಿ ಹಾಗಲ್ಲ, ಕತೆ ಸಾಗಿದ ಕ್ರಮದಲ್ಲೇ ಶೂಟಿಂಗ್. ಒಂದು ಎಡವಟ್ಟು ಇನ್ನೊಂದಕ್ಕೆ ದಾರಿ ಮಾಡಬೇಕಲ್ಲ! ಅದಲ್ಲದೆ ಫಿಲ್ಮ್ ಕ್ಯಾಮೆರಾಕ್ಕೆ ವಿಡಿಯೋ ಜೋಡಿಸಿ, ತೆಗೆದದ್ದನ್ನು ಆಗಲೇ ನೋಡಿ, ಅದರ ಮೇಲೆ ಇನ್ನೊಂದು ಪದರ ಸೇರಿಸುತ್ತಿದ್ದರು. ಸಿನಿಮಾ ತೆರೆಗೆ ಬಂದದ್ದು 1968ರಲ್ಲಿ. ಆ ಕಾಲಕ್ಕೆ ಸಾಮಾನ್ಯವಾಗಿ ಫಿಲ್ಮ್ ತೊಳೆದು ಬರುವ ತನಕ ತೆಗೆದದ್ದು ಕಾಣುತ್ತಿರಲಿಲ್ಲ. ನಿರ್ದೇಶಕ ಬ್ಲೇಕ್ ಎಡ್ವರ್ಡ್ಸ್, ನಟ ಪೀಟರ್ ಸೆಲ್ಲರ್ಸ್ ಇಬ್ಬರೂ ಅಷ್ಟು ಹೊತ್ತಿಗೆ ‘ಪಿಂಕ್ ಪ್ಯಾಂಥರ್’ ಅನ್ನುವ ಹಾಸ್ಯ ಸಿನಿಮಾ ಮಾಡಿ ಪಳಗಿದ್ದವರು. ಇದಕ್ಕೆ ‘ಬಂದಂಗೆ ಮಾಡೋದು’ ಅಂತೀರಾ?

ಶೂ ದೃಶ್ಯವನ್ನೇ ನೋಡಿ. ತಪ್ಪಿ ಕರೆ ಹೋಗಿ ಪಾರ್ಟಿಗೆ ಬಂದ ಬಕ್ಷಿ, ಅಂದರೆ ಸೆಲ್ಲರ್ಸ್ ಮಾಡಿದ ಪಾತ್ರ (ಅವನ ಹೆಸರನ್ನು ಕೆಲಸ ಕೊಡಬಾರದವರ ಬ್ಲ್ಯಾಕ್‌ಲಿಸ್ಟ್ ಅಂದುಕೊಂಡು ಅತಿಥಿಗಳ ಪಟ್ಟಿಯಲ್ಲಿ ಬರೆದಿರುತ್ತಾರೆ, ಪಾಪ) ಕೊಳೆಯಾದ ಬಿಳಿ ಶೂವನ್ನು ಮನೆಯೊಳಗೆ ಹರಿಯುವ ನೀರಿನಲ್ಲಿ ತೊಳೆಯಲು ಹೋಗುತ್ತಾನೆ. ಶೂ ತೇಲಿಕೊಂಡು ಹೋಗುತ್ತದೆ. ಅವನು ಕೂಗುವುದಿಲ್ಲ, ಓಡುವುದಿಲ್ಲ. ಒಂದೇ ಕಾಲಿನ ಶೂನಲ್ಲಿ ಏನೂ ಆಗಿಲ್ಲ ಅನ್ನುವ ಮುಖ ಹೊತ್ತು ಅದರ ಹಿಂದೆಯೇ ನಡೆಯುತ್ತಾನೆ. ಕೊನೆಗೆ ಶೂ ಹಾರಿ ತಿಂಡಿ ತಟ್ಟೆಯಲ್ಲಿ ಕೂರುತ್ತದೆ. ನಗು ಬರುವುದು ಶೂ ಹಾರಿದ್ದಕ್ಕಲ್ಲ. ಅಲ್ಲಿಯವರೆಗೆ ಅವನು ಮರ್ಯಾದೆ ಉಳಿಸಿಕೊಳ್ಳಲು ಪಟ್ಟ ಪಾಡಿಗೆ.

ನಮ್ಮ ಹುಡುಗರು ಒಂದು ವರ್ಷ ನನ್ನ ಮಾತು ಕೇಳಲಿಲ್ಲ. ಮದುವೆಮನೆ ಸ್ಕಿಟ್, ಬರವಣಿಗೆ ಇಲ್ಲ. ಒಬ್ಬ ಸಾರಿನ ಬಕೆಟ್ ಹಿಡಿದು ಬಂದ, ಧಡಾರ್ ಅಂತ ಬಿದ್ದ. ಒಬ್ಬರೂ ನಗಲಿಲ್ಲ. ಮುಂದಿನ ಸಾಲಿನಲ್ಲಿದ್ದ ಮೇಡಂ ಒಬ್ಬರು ಎದ್ದು ‘ಏಟಾಯ್ತೇನೋ ಮಗಾ’ ಅಂತ ಸ್ಟೇಜ್ ಹತ್ತಿದರು. ಸಭೆ ನಕ್ಕಿದ್ದು ಆಗ! ಬೀಳೋದು ಯಾರಿಗೆ ಬರಲ್ಲ? ಬೀಳದೇ ಇರಲು ಒದ್ದಾಡೋದಿದೆಯಲ್ಲ, ಅದನ್ನು ಮೂವತ್ತು ಸಲ ಪ್ರಾಕ್ಟೀಸ್ ಮಾಡಬೇಕು.

ಗುಬ್ಬಿ ಇಲ್ಲೇ ಪಕ್ಕದಲ್ಲಿದೆ. ‘ಸದಾರಮೆ’ಯ ಕಳ್ಳನಾಗಿ ಜನರನ್ನು ನಗಿಸಿದ ವೀರಣ್ಣನವರ ಹೆಸರು ನಮ್ಮೂರ ಕಲಾಕ್ಷೇತ್ರದ ಮೇಲೇ ಇದೆ. ಕಂಪನಿ ನಾಟಕದ ಹಾಸ್ಯಗಾರರು ಆಯಾ ಊರಿನ ಸುದ್ದಿ ಸೇರಿಸಿ ಮಾತು ಬೆಳೆಸುತ್ತಿದ್ದರು, ಹೌದು. ಆದರೆ ಎಲ್ಲಿ ಬೆಳೆಸಬೇಕು, ಎಲ್ಲಿ ನಿಲ್ಲಿಸಿ ಹಾಡಿಗೆ ಬಿಡಬೇಕು ಅನ್ನುವುದು ಮೈಗೆ ಹತ್ತಿರುತ್ತಿತ್ತು. ಆ ಕಲಾಕ್ಷೇತ್ರದ ಮೆಟ್ಟಿಲ ಮೇಲೆ ಕೂತುಕೊಂಡೇ ಈ ಪ್ರಶ್ನೆ ಕೇಳ್ತೀರಲ್ಲ!

ಇನ್ನು, ಸೆಲ್ಲರ್ಸ್ ಇಂಗ್ಲೆಂಡಿನವನು. ಮುಖಕ್ಕೆ ಕಂದು ಬಣ್ಣ ಬಳಿದು ಭಾರತದವನಾದ. ಅದು ನನಗೆ ಹಿಡಿಸುವುದಿಲ್ಲ, ಹಿಡಿಸುವುದಿಲ್ಲ ಅಂತ ಹೇಳಿಯೇ ಹುಡುಗರಿಗೆ ತೋರಿಸುತ್ತೇನೆ.

ಯಾರೂ ಕೇಳದ ಪ್ರಶ್ನೆ ಒಂದಿದೆ: ಆ ಪಾರ್ಟಿಯಲ್ಲಿ ಡ್ರಿಂಕ್ಸ್ ಹಂಚುವ ಕುಡುಕ ವೇಟರ್ ಆಗಿ ನಟಿಸಿದವನು ಯಾರು? ಸ್ಟೀವ್ ಫ್ರಾಂಕನ್ ಅಂತ. ಮಾತು ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಊಟದ ಹೊತ್ತಿಗೆ ಬಕ್ಷಿಯ ಫೋರ್ಕಿನಿಂದ ಹಾರಿದ ಕೋಳಿ ಒಬ್ಬ ಹೆಂಗಸಿನ ತಲೆಯ ಕಿರೀಟಕ್ಕೆ ಸಿಕ್ಕಿಕೊಳ್ಳುತ್ತದಲ್ಲ, ಅದನ್ನು ಎತ್ತಲು ಹೋಗಿ ವಿಗ್ಗನ್ನೂ ಎತ್ತಿಕೊಂಡು ಬರುವವನು ಇವನೇ. ಇನ್ನೊಮ್ಮೆ ನೋಡುವಾಗ ಬಕ್ಷಿಯನ್ನು ಬಿಟ್ಟು ಇವನೊಬ್ಬನನ್ನೇ ನೋಡಿ. ಶುರುವಿನಲ್ಲಿ ನೆಟ್ಟಗೆ ನಿಂತಿರುತ್ತಾನೆ. ಡ್ರಿಂಕ್ಸ್ ತಟ್ಟೆ ಹಿಡಿದು ಬಕ್ಷಿ ಹತ್ತಿರ ಬರುತ್ತಾನೆ. ಬಕ್ಷಿ ‘ಬೇಡ, ಥ್ಯಾಂಕ್ಸ್’ ಅನ್ನುತ್ತಾನೆ. ಬೇಡ ಅಂದ ಆ ಗ್ಲಾಸ್ ಎಲ್ಲಿಗೆ ಹೋಗುತ್ತದೆ, ಗಮನಿಸಿ.