ಮೈಕ್ರೋಸ್ಕೋಪಿಗೆ ಸಿಕ್ಕ ಪ್ರಶಸ್ತಿಗಳು, ಮತ್ತು ನಾನು ಸಿಕ್ಕಿಬಿದ್ದ ವಡೆಯ ತೂತು

ನಾಡಿದ್ದು ಇಂಟರ್ನಲ್ ಪರೀಕ್ಷೆ. ಗೋವಾದ ವಾಸ್ಕೋದಿಂದ ಯೂನಿವರ್ಸಿಟಿಗೆ ಹೋಗುವ ಬಸ್ಸಿನಲ್ಲಿ ಕೂತು ಬರೆದದ್ದು ಇದು, ಅಕ್ಷರ ಮತ್ತು ವಿಚಾರ ಎರಡೂ ಸ್ವಲ್ಪ ಕುಲುಕಿರಬಹುದು. ಮೈಕ್ರೋಸ್ಕೋಪಿಗೆ ಸಿಕ್ಕ ದೊಡ್ಡ ಪ್ರಶಸ್ತಿಗಳ ಬಗ್ಗೆ ಪ್ರತಿ ಸಲ ಒಂದು ಪ್ರಶ್ನೆ ಇದ್ದೇ ಇರುತ್ತದೆ. ನಾನು ಇಸವಿ, ಹೆಸರು ಬಾಯಿಪಾಠ ಮಾಡಿ ಎರಡು ಸಲ ಕೈ ಸುಟ್ಟುಕೊಂಡೆ. 2014 ಮತ್ತು 2017ರ ನೊಬೆಲ್ ಅದಲು ಬದಲಾಗಿ, ಲೇಸರಿನವನಾದ ಸ್ಟೀಫನ್ ಹೆಲ್ ಪಾಪ ಮಂಜುಗಡ್ಡೆ ಮಾಡುವವನಾಗಿಬಿಟ್ಟಿದ್ದ.

ಈಗ ನನ್ನ ದಾರಿ ಬೇರೆ. ಇಸವಿ ಆಮೇಲೆ, ಮೊದಲು ಅಡ್ಡಿ ಹಿಡಿಯಿರಿ. ಪ್ರತಿ ಪ್ರಶಸ್ತಿಯ ಹಿಂದೆ "ಇದಕ್ಕಿಂತ ಮುಂದೆ ಕಾಣಲ್ಲ" ಅನ್ನುವ ಒಂದು ಅಡ್ಡಿ ಇತ್ತು, ಯಾರೋ ಅದನ್ನು ಸರಿಸಿದರು. ಯಾವ ಅಡ್ಡಿ ಅಂತ ಗೊತ್ತಾದರೆ ಹೆಸರು ತಾನಾಗಿ ಬರುತ್ತದೆ.

ಝಿಗ್ಮಾಂಡಿ, 1925ರ ರಸಾಯನಶಾಸ್ತ್ರ. ಅಡ್ಡಿ: ಕಣ ತೀರಾ ಚಿಕ್ಕದು. ಊರ ಮನೆಯ ಬೆಳಕಿಂಡಿಯಿಂದ ಬಿಸಿಲು ಕೋಲು ಬಿದ್ದಾಗ ಧೂಳು ಮಿನುಗುವುದು ನೋಡಿದ್ದೀರಲ್ವಾ, ಅದೇ ಉಪಾಯ. ಬೆಳಕನ್ನು ಪಕ್ಕದಿಂದ ಬಿಟ್ಟು ಕತ್ತಲೆಯ ಮೇಲೆ ಚಿನ್ನದ ಕಣ ಮಿನುಗುವುದನ್ನು ನೋಡಿದರು. ಕಣ ಇದೆ ಅಂತ ಗೊತ್ತಾಗುತ್ತದೆ, ಆಕಾರ ಗೊತ್ತಾಗುವುದಿಲ್ಲ. ಇದು 1925ರ ಪ್ರಶಸ್ತಿ, ಕೊಟ್ಟದ್ದು 1926ರಲ್ಲಿ. ಬಹು ಆಯ್ಕೆ ಪ್ರಶ್ನೆಯಲ್ಲಿ ಜಾರಿ ಬೀಳುವ ಜಾಗ.

ಝೆರ್ನಿಕೆ, 1953ರ ಭೌತಶಾಸ್ತ್ರ. ಅಡ್ಡಿ: ಜೀವಕೋಶ ಪಾರದರ್ಶಕ. ಅದು ಬೆಳಕನ್ನು ಕುಗ್ಗಿಸುವುದಿಲ್ಲ, ಸ್ವಲ್ಪ ತಡ ಮಾಡಿಸುತ್ತದೆ ಅಷ್ಟೆ. ಆ ತಡವನ್ನು ಕಪ್ಪು ಬಿಳುಪಾಗಿ ಬದಲಿಸುವುದೇ ಫೇಸ್ ಕಾಂಟ್ರಾಸ್ಟ್. ಬಣ್ಣ ಹಾಕಿ ಕೋಶ ಕೊಲ್ಲುವುದು ತಪ್ಪಿತು.

ರುಸ್ಕಾ, ಬಿನ್ನಿಗ್, ರೋರರ್, 1986ರ ಭೌತಶಾಸ್ತ್ರ. ಇಲ್ಲಿ ಎರಡು ಅಡ್ಡಿ ಒಂದೇ ಪ್ರಶಸ್ತಿಯಲ್ಲಿವೆ. ರುಸ್ಕಾ ಬೆಳಕನ್ನೇ ಬಿಟ್ಟು ಎಲೆಕ್ಟ್ರಾನ್ ಹಿಡಿದರು, 1931ರಲ್ಲಿ. ಬಿನ್ನಿಗ್ ಮತ್ತು ರೋರರ್ 1981ರಲ್ಲಿ ಲೆನ್ಸನ್ನೇ ಬಿಟ್ಟು ಸೂಜಿ ಮೊನೆಯಿಂದ ಮೇಲ್ಮೈ ತಡಕಿದರು. ಒಬ್ಬರಿಗೆ 55 ವರ್ಷದ ಕಾಯುವಿಕೆ, ಇಬ್ಬರಿಗೆ 5 ವರ್ಷ. ರುಸ್ಕಾ ಜೊತೆ ದುಡಿದ ಮ್ಯಾಕ್ಸ್ ನೋಲ್ 1969ರಲ್ಲೇ ತೀರಿಕೊಂಡಿದ್ದರು, ಸತ್ತವರಿಗೆ ನೊಬೆಲ್ ಕೊಡುವುದಿಲ್ಲ. ಹಣದಲ್ಲಿ ಅರ್ಧ ರುಸ್ಕಾಗೆ, ಉಳಿದ ಇಬ್ಬರಿಗೆ ಕಾಲು ಕಾಲು. ನನಗೆ ಇದು ನ್ಯಾಯ ಅಂತಲೇ ಅನಿಸಿತು.

ಈಗ 2014: ಹೆಲ್, ಬೆಟ್ಜಿಗ್, ಮರ್ನರ್. ನಾನು ಮೂರು ದಿನ ಸಿಕ್ಕಿಬಿದ್ದದ್ದು ಇಲ್ಲೇ.

1873ರಲ್ಲಿ ಅರ್ನ್ಸ್ಟ್ ಅಬ್ಬೆ ಒಂದು ಮಿತಿ ಹೇಳಿದರು. ಬೆಳಕಿನ ತರಂಗಾಂತರವನ್ನು ಲೆನ್ಸಿನ ಎನ್‌ಎಯ ಎರಡರಷ್ಟರಿಂದ ಭಾಗಿಸಿ (ಲೆನ್ಸು ಎಷ್ಟು ಅಗಲದ ಬೆಳಕು ಹಿಡಿಯುತ್ತದೆ ಅನ್ನುವ ಅಂಕಿಯೇ ಎನ್‌ಎ). ಹಸಿರು ಬೆಳಕು 550 ನ್ಯಾನೋಮೀಟರ್, ಎಣ್ಣೆ ಹಾಕುವ ಒಳ್ಳೆಯ ಲೆನ್ಸಿನ ಎನ್‌ಎ 1.4, ಅಂದರೆ ಸುಮಾರು 200 ನ್ಯಾನೋಮೀಟರ್. ಅದಕ್ಕಿಂತ ಹತ್ತಿರ ಇರುವ ಎರಡು ಚುಕ್ಕಿ ಒಂದೇ ಚುಕ್ಕಿಯಾಗಿ ಕಾಣುತ್ತವೆ. ರಾತ್ರಿ ಖಾರಿವಾಡದ ಕಡೆ ನಿಂತು ದೂರದ ಮೀನು ದೋಣಿ ನೋಡಿ, ಅಕ್ಕಪಕ್ಕದ ಎರಡು ದೀಪ ಒಂದೇ ಮಬ್ಬು ಉಂಡೆ. ಹಾಗೆಯೇ ಅಂದುಕೊಳ್ಳಿ.

ಎಲ್ಲ ಕಡೆ "2014ರವರು ಅಬ್ಬೆ ಮಿತಿ ಮುರಿದರು" ಅಂತ ಬರೆದಿರುತ್ತಾರೆ. ಈ "ಮುರಿದರು" ಅನ್ನುವ ಪದವೇ ನನ್ನನ್ನು ಕೆಡಿಸಿದ್ದು. ಅದೇ ಬೆಳಕು, ಅದೇ ಲೆನ್ಸು, ಹಾಗಿದ್ದರೆ ನಿಯಮ ಎಲ್ಲಿ ಹೋಯಿತು? ಎಲ್ಲೂ ಹೋಗಿಲ್ಲ. ಉಂಡೆ ಇವತ್ತಿಗೂ ಅಷ್ಟೇ ದಪ್ಪ. ಅವರು ಮಾಡಿದ್ದು ಇಷ್ಟೇ: ಪಕ್ಕಪಕ್ಕದ ದೀಪಗಳು ಒಟ್ಟಿಗೆ ಉರಿಯದ ಹಾಗೆ ನೋಡಿಕೊಂಡರು.

ಹೆಲ್ ಅವರ ಸ್ಟೆಡ್ ಅನ್ನುವ ಎರಡು ಲೇಸರಿನ ವಿಧಾನ ನೋಡಿ. ಮೊದಲ ಲೇಸರ್ ಒಂದು ಜಾಗದ ಅಣುಗಳನ್ನೆಲ್ಲ ಹೊಳೆಯಲು ಸಿದ್ಧ ಮಾಡುತ್ತದೆ. ಎರಡನೆಯ ಲೇಸರ್ ಉದ್ದಿನ ವಡೆಯ ಆಕಾರದಲ್ಲಿ, ನಡುವೆ ತೂತು ಬಿಟ್ಟು, ಅದರ ಮೇಲೆ ಬೀಳುತ್ತದೆ. ವಡೆ ಬಿದ್ದ ಕಡೆ ಅಣುಗಳು ಆರುತ್ತವೆ, ತೂತಿನಲ್ಲಿರುವವು ಮಾತ್ರ ಹೊಳೆಯುತ್ತವೆ. ತರಗತಿಯಲ್ಲಿ ಇಷ್ಟು ಕೇಳಿ ಎಲ್ಲರೂ ತಲೆಯಾಡಿಸಿದರು, ನಾನೂ ಆಡಿಸಿದೆ.

ಆದರೆ ರಾತ್ರಿ ತಲೆ ಕೆಟ್ಟಿತು. ವಡೆಯೂ ಬೆಳಕೇ ತಾನೆ? ಅದಕ್ಕೂ ಅಬ್ಬೆ ಮಿತಿ ಇದೆ. ಹಾಗಾದರೆ ತೂತೂ 200ರ ಆಸುಪಾಸಿನದ್ದೇ ಆಗಬೇಕು. 200ರ ತೂತಿನಿಂದ 20ರ ವಿವರ ಹೇಗೆ ಬರುತ್ತದೆ?

ಉತ್ತರ ವಡೆಯ ಆಕಾರದಲ್ಲಿಲ್ಲ, ಅದರ ಜೋರಿನಲ್ಲಿದೆ. ತೂತು ಅಂದರೆ ಚಾಕುವಿನಿಂದ ಕತ್ತರಿಸಿದ ತೂತಲ್ಲ. ಸರಿಯಾಗಿ ನಡುವೆ ಬೆಳಕು ಸೊನ್ನೆ, ಅಲ್ಲಿಂದ ಹೊರಗೆ ಹೋದಂತೆ ನಿಧಾನಕ್ಕೆ ಏರುತ್ತದೆ, ಬಾವಿಯ ಓರೆ ಗೋಡೆಯ ಹಾಗೆ. ಒಂದು ಅಣು ಆರಲು ಇಷ್ಟು ಬೆಳಕು ಬೇಕು ಅಂತ ಒಂದು ಅಳತೆ ಇದೆ. ಲೇಸರ್ ಮೆತ್ತಗಿದ್ದಾಗ ಆ ಅಳತೆ ಗೋಡೆಯ ಮೇಲ್ಭಾಗದಲ್ಲಿ ಮಾತ್ರ ಸಿಗುತ್ತದೆ, ಅಂದರೆ ನಡುವಿನಿಂದ ದೂರ. ಜೋರು ಹೆಚ್ಚಿಸಿದರೆ ಇಡೀ ಗೋಡೆ ಎತ್ತರವಾಗುತ್ತದೆ, ನಡುವಿಗೆ ತೀರಾ ಹತ್ತಿರವೇ ಅಳತೆ ದಾಟುತ್ತದೆ. ಇನ್ನೂ ಹೆಚ್ಚಿಸಿ, ಇನ್ನೂ ಹತ್ತಿರ. ನಡುವಿನ ಸೊನ್ನೆ ಮಾತ್ರ ಎಷ್ಟು ಪಟ್ಟು ಮಾಡಿದರೂ ಸೊನ್ನೆಯೇ. ವಡೆಯ ಗಾತ್ರ ಹಾಗೇ ಇದೆ, ಹೊಳೆಯುವ ಜಾಗ ಮಾತ್ರ ಕುಗ್ಗುತ್ತಾ ಹೋಗುತ್ತದೆ.

ಲೆಕ್ಕದಲ್ಲಿ: ಅಬ್ಬೆಯ ಉತ್ತರವನ್ನು ಒಂದು ವರ್ಗಮೂಲದಿಂದ ಭಾಗಿಸಬೇಕು. ಆ ವರ್ಗಮೂಲದ ಒಳಗೆ "1 ಕೂಡಿಸು, ವಡೆ ಲೇಸರಿನ ಜೋರು ಆರಿಸುವ ಅಳತೆಯ ಎಷ್ಟು ಪಟ್ಟು" ಅಂತಿದೆ. 99 ಪಟ್ಟು ಇಟ್ಟರೆ 100ರ ವರ್ಗಮೂಲ 10. ಇನ್ನೂರು ಇಪ್ಪತ್ತಾಯಿತು! ಜೋರು ಸೊನ್ನೆ ಇಡಿ, ವರ್ಗಮೂಲ 1, ಮತ್ತೆ ಹಳೇ ಅಬ್ಬೆ. ಇದು ನೋಡಿದ ಮೇಲೇ ನನಗೆ ನಿದ್ದೆ ಬಂದದ್ದು. ಹೆಲ್ ಇದನ್ನು 1994ರಲ್ಲಿ ಕಾಗದದ ಮೇಲೆ ಬರೆದರು, ಮಾಡಿ ತೋರಿಸಿದ್ದು 2000ದಲ್ಲಿ.

ಅದೇ ಪ್ರಶಸ್ತಿಯ ಇನ್ನೊಂದು ದಾರಿ ಬೆಟ್ಜಿಗ್ ಮತ್ತು ಮರ್ನರ್ ಅವರದು, ಇದು ಸುಲಭ. ಎರಡು ದೋಣಿಯವರಿಗೆ ಸರದಿ ಮೇಲೆ ದೀಪ ಹಚ್ಚಿ ಅಂತ ಹೇಳಿದರೆ ಆಯಿತು. ಒಂದೊಂದು ಸಲ ಒಂದೇ ಉಂಡೆ, ಅದರ ನಟ್ಟನಡುವೆ ಒಂದು ಚುಕ್ಕಿ ಇಡಿ. ರಾಗಿ ಮುಷ್ಟಿಯಲ್ಲಿ ಹಿಡಿದು ಸುರಿದರೆ ರಾಶಿ ಅಗಲವಾಗಿ ಹರಡುತ್ತದೆ, ಆದರೂ ಅದರ ನಡು ಎಲ್ಲಿ ಅಂತ ಬೆರಳಿಟ್ಟು ತೋರಿಸಬಹುದಲ್ಲಾ. ಕಾಳು ಜಾಸ್ತಿಯಾದಷ್ಟೂ ನಡು ಗಟ್ಟಿ. ಇಲ್ಲಿ ಕಾಳು ಅಂದರೆ ಫೋಟಾನ್, ಬೆಳಕಿನ ಕಣ, 100 ಸಿಕ್ಕರೆ ತಪ್ಪು ಹತ್ತನೇ ಒಂದಕ್ಕೆ ಇಳಿಯುತ್ತದೆ. ಒಂಟಿ ಅಣುವನ್ನು 1989ರಲ್ಲಿ ಮೊದಲು ಹಿಡಿದದ್ದು ಮರ್ನರ್. ಬೆಟ್ಜಿಗ್ ಕಥೆ ನನಗೆ ಇಷ್ಟ: ಸಂಶೋಧನೆ ಸಾಕು ಅಂತ ಅಪ್ಪನ ಯಂತ್ರದ ಕಂಪನಿ ಸೇರಿ, ಆಮೇಲೆ ವಾಪಸು ಬಂದು ಗೆಳೆಯ ಹರಾಲ್ಡ್ ಹೆಸ್ ಮನೆಯ ಹಾಲ್‌ನಲ್ಲಿ ಈ ಉಪಕರಣ ಕಟ್ಟಿದರು. ನೊಬೆಲ್‌ನಲ್ಲಿ ಹೆಸ್ ಹೆಸರಿಲ್ಲ. ಒಂದು ಪ್ರಶಸ್ತಿಗೆ ಮೂರೇ ಜನ.

ನಾನು ಇದನ್ನೆಲ್ಲ ಮನೆಯಲ್ಲಿ ಗಟ್ಟಿಯಾಗಿ ಓದುತ್ತಿದ್ದಾಗ ಅವ್ವ ಕೇಳಿದಳು, "ಗಾಜಿಗೂ ನೊಬೆಲ್ ಕೊಡ್ತಾರೇನು?" ಕೊಡುತ್ತಾರೆ ಅವ್ವ, 2017ರಲ್ಲಿ ನೀರನ್ನೇ ಗಾಜು ಮಾಡಿದವರಿಗೆ ಕೊಟ್ಟರು.

ಅದೇ ಕ್ರಯೋ ಎಲೆಕ್ಟ್ರಾನ್ ಮೈಕ್ರೋಸ್ಕೋಪಿ, ಕ್ರಯೋ ಅಂದರೆ ತೀರಾ ತಣ್ಣಗೆ. ಅಡ್ಡಿ: ಎಲೆಕ್ಟ್ರಾನಿಗೆ ನಿರ್ವಾತ ಬೇಕು, ಪ್ರೋಟೀನಿಗೆ ನೀರು ಬೇಕು. ನಿರ್ವಾತದಲ್ಲಿ ನೀರು ಹಾರಿಹೋಗುತ್ತದೆ, ಮಂಜುಗಡ್ಡೆ ಮಾಡಿದರೆ ಅದರ ಹರಳು ಚಿತ್ರ ಕೆಡಿಸುತ್ತದೆ. ದುಬೋಶೆ ನೀರನ್ನು ಹರಳು ಕಟ್ಟಲೂ ಪುರುಸೊತ್ತಿಲ್ಲದ ಹಾಗೆ ತಣಿಸಿದರು, ಅದು ಗಾಜಿನಂತೆ ನಿಂತಿತು. ನೇರ ದ್ರವ ನೈಟ್ರೋಜನ್ನಿಗೆ ಅದ್ದಿದರೆ ಆಗದು. ಕಾದ ದೋಸೆ ಹಂಚಿನ ಮೇಲೆ ನೀರು ಚಿಮುಕಿಸಿದರೆ ಹನಿ ಆವಿಯ ಮೇಲೆ ಓಡಾಡುತ್ತದಲ್ಲಾ, ಹಾಗೇ ನೈಟ್ರೋಜನ್ ಆವಿ ನಡುವೆ ಬಂದು ತಂಪು ತಡೆಯುತ್ತದೆ. ಅದಕ್ಕೇ ನೈಟ್ರೋಜನ್ನಿನಿಂದ ತಣಿಸಿದ ದ್ರವ ಈಥೇನಿಗೆ ಅದ್ದುವುದು. ಮಸುಕು ಚಿತ್ರಗಳನ್ನು ಸಾವಿರಗಟ್ಟಲೆ ಸೇರಿಸಿ ಆಕಾರ ತೆಗೆಯುವ ಲೆಕ್ಕ ಫ್ರಾಂಕ್ ಅವರದು, 1990ರಲ್ಲಿ ಪ್ರೋಟೀನನ್ನು ಪರಮಾಣು ಮಟ್ಟದಲ್ಲಿ ತೋರಿಸಿದ್ದು ಹೆಂಡರ್ಸನ್.

ಕೊನೆಗೆ ನಾರ್ವೆಯ ಕಾವ್ಲಿ ಪ್ರಶಸ್ತಿ. 2020ರ ನ್ಯಾನೋವಿಜ್ಞಾನ ವಿಭಾಗ ಎಲೆಕ್ಟ್ರಾನ್ ಲೆನ್ಸಿನ, ಚಿತ್ರ ಮಸುಕು ಮಾಡುವ ಹುಟ್ಟು ದೋಷ ಸರಿಪಡಿಸಿದವರಿಗೆ ಹೋಯಿತು. ದುಂಡು ಲೆನ್ಸಿನಲ್ಲಿ ಈ ದೋಷ ತಪ್ಪಿದ್ದಲ್ಲ ಅಂತ ಶೆರ್ಜರ್ 1936ರಲ್ಲೇ ತೋರಿಸಿದ್ದರು, ಪರಿಹಾರ ಕೈಗೆ ಬಂದದ್ದು 1990ರ ದಶಕದಲ್ಲಿ. ಇಲ್ಲಿ ಮೂರರ ಕಟ್ಟಿಲ್ಲ, ನಾಲ್ಕು ಜನ ಹಂಚಿಕೊಂಡರು: ರೋಸ್, ಹೈಡರ್, ಉರ್ಬಾನ್, ಕ್ರಿವಾನೆಕ್. ಝುವಾರಿ ಸೇತುವೆ ದಾಟಿದ್ದಾಯಿತು, ನಾಲ್ಕನೆಯ ಹೆಸರು ಇನ್ನೂ ಬಾಯಲ್ಲಿ ನಿಲ್ಲುತ್ತಿಲ್ಲ.